ಹಿಗ್ಗುವ ಪಂಕ್ತಿ, ಕುಗ್ಗುವ ಪಂಕ್ತಿ

ಊಟದ ಮನೆಯಲ್ಲಿ ನಡೆದದ್ದಕ್ಕೆ ನಂಬುವಂಥ ಸಾಕ್ಷಿ ಸಿಗುವುದು ಕಷ್ಟ. ಎರಡನೇ ಹೋಳಿಗೆ ಸಿಕ್ಕಿದವನು ಎಲ್ಲ ಅಚ್ಚುಕಟ್ಟಾಗಿತ್ತು ಅನ್ನುತ್ತಾನೆ. ಹಪ್ಪಳ ಸಿಗದವನು ಅದೂ ಒಂದು ಊಟವೇ ಅನ್ನುತ್ತಾನೆ. ಇಬ್ಬರೂ ಒಂದೇ ಪಂಕ್ತಿಯಲ್ಲಿ, ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಗಲುವಂತೆ ಕೂತು ಉಂಡವರು. ಸುಳ್ಳು ಹೇಳುತ್ತಿದ್ದಾರೆ ಎಂದಲ್ಲ. ಎಲೆಯ ಮುಂದೆ ಕೂತ ಮನುಷ್ಯನಿಗೆ ಎಲೆಯಾಚೆಗಿನ ಲೋಕ ಕಾಣುವುದಿಲ್ಲ, ಅಷ್ಟೆ. ವಿನೋಬನಗರದ ಆ ನಿಶ್ಚಿತಾರ್ಥದ ಊಟದ ಬಗ್ಗೆ ಈಗ ಶಿವಮೊಗ್ಗದಲ್ಲಿ ಒಂದು ಕಥೆ ಓಡಾಡುತ್ತಿದೆ, ಭದ್ರಾವತಿಯಲ್ಲಿ ಇನ್ನೊಂದು. ಎರಡರಲ್ಲೂ ನಾನಿದ್ದೇನೆ. ಶಿವಮೊಗ್ಗದ ಕಥೆಯಲ್ಲಿ ನಾನು ಮೆಟ್ಟಿಲ ಮೇಲೆ ನಿಂತು ಟ್ರಾಫಿಕ್ ಪೊಲೀಸಿನವರಂತೆ ಕೈ ಬೀಸುತ್ತಿದ್ದೆನಂತೆ. ಭದ್ರಾವತಿಯ ಕಥೆಯಲ್ಲಿ ಹಿಟ್ಟಿನ ಚೀಲದ ಹಿಂದೆ ಅಡಗಿದ್ದೆನಂತೆ. ಎರಡೂ ಪೂರ್ತಿ ಸರಿಯಲ್ಲ. ಆ ದಿನ ಆ ಕಟ್ಟಡದಲ್ಲಿದ್ದವರ ಪೈಕಿ ಒಂದು ಚೂರು ಹೋಳಿಗೆಯನ್ನೂ ಬಾಯಿಗಿಡದ ವ್ಯಕ್ತಿ ಬಹುಶಃ ನಾನೊಬ್ಬನೇ. ಆದ್ದರಿಂದ ನಿಷ್ಪಕ್ಷಪಾತ ಸಾಕ್ಷಿ ಅಂತ ಯಾರಾದರೂ ಇದ್ದರೆ ಅದೂ ನಾನೇ. ಈಗಲೂ ಮಹಡಿಯ ಮೆಟ್ಟಿಲು ಕಂಡರೆ ಪಕ್ಕಕ್ಕೆ ಸರಿದು ನಿಲ್ಲುತ್ತೇನೆ. ಆದರೂ ಕಂಡದ್ದನ್ನು ಕಂಡಂತೆ, ನಡೆದ ಕ್ರಮದಲ್ಲೇ ಹೇಳುತ್ತೇನೆ. ಕಣ್ಣಾರೆ ಕಂಡದ್ದು ಯಾವುದು, ಬೇರೆಯವರಿಂದ ಕೇಳಿದ್ದು ಯಾವುದು ಎಂಬುದನ್ನು ಬೇರೆ ಬೇರೆ ಇಡುತ್ತೇನೆ.

ಮೊದಲು ನನ್ನ ಪರಿಚಯ. ನಾನು ರಾಗಿಗುಡ್ಡದ ಹತ್ತಿರ ಮನೆ ಮಾಡಿಕೊಂಡು, ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವ ಮೇಷ್ಟ್ರು. ಪಾಠದ ಜೊತೆಗೆ ಬಹಳ ವರ್ಷಗಳಿಂದ ಪಿಎಚ್‌ಡಿಯನ್ನೂ ಮಾಡುತ್ತಿದ್ದೇನೆ. ನಾನು ಶುರು ಮಾಡಿದಾಗ ಹೊಸದಾಗಿದ್ದ ವಿಷಯ ಈಗ ಪಠ್ಯಪುಸ್ತಕಕ್ಕೇ ಬಂದುಬಿಟ್ಟಿದೆ. ಅದನ್ನು ಹುಡುಗರಿಗೆ ಪಾಠ ಮಾಡುವವನೂ ನಾನೇ. ಹುಡುಗರು ಪಾಸಾಗಿ ಹೋಗುತ್ತಾರೆ, ನಾನು ಉಳಿಯುತ್ತೇನೆ.

ವಿಷಯ ಇಷ್ಟೇ. ಕ್ಲೌಡ್ ಎಂದರೆ ಎಲ್ಲೋ ದೂರದ ಕಟ್ಟಡದಲ್ಲಿ ಸಾಲಾಗಿ ಜೋಡಿಸಿಟ್ಟ ಕಂಪ್ಯೂಟರುಗಳು. ಬೇಕಾದಾಗ ಬೇಕಾದಷ್ಟನ್ನು ಬಾಡಿಗೆಗೆ ಪಡೆಯಬಹುದು. ಪರೀಕ್ಷೆಯ ಫಲಿತಾಂಶ ಬಂದ ದಿನ ಊರಿನ ಹುಡುಗರೆಲ್ಲ ಒಟ್ಟಿಗೆ ಮೊಬೈಲು ಒತ್ತುತ್ತಾರೆ. ವಾರ ಕಳೆದರೆ ಆ ಕಡೆ ನೊಣವೂ ಸುಳಿಯುವುದಿಲ್ಲ. ಜನ ಹೆಚ್ಚಿದಾಗ ಯಂತ್ರಗಳೂ ತಾವಾಗಿ ಹೆಚ್ಚಬೇಕು, ಜನ ಕರಗಿದಾಗ ಅವೂ ಕರಗಬೇಕು. ಹೀಗೆ ಹಿಗ್ಗಿ ಕುಗ್ಗುವ ಗುಣಕ್ಕೆ ಇಲಾಸ್ಟಿಸಿಟಿ ಎಂದು ಹೆಸರು. ಹಿಗ್ಗುವಾಗಲೂ ಕುಗ್ಗುವಾಗಲೂ ಬಂದವರನ್ನು ಕಾಯಿಸದೆ, ಕೊಟ್ಟ ಮಾತಿನಂತೆ ಕೆಲಸ ಮಾಡಿಕೊಡುವುದು ಸೇವೆಯ ಗುಣಮಟ್ಟ. ಎರಡನ್ನೂ ಒಟ್ಟಿಗೆ ಸಾಧಿಸುವುದು ಹೇಗೆ ಎಂಬುದೇ ನನ್ನ ಸಂಶೋಧನೆ. ಒಂದನ್ನೇ ಸಾಧಿಸುವುದಾದರೆ ಏನೂ ಕಷ್ಟವಿಲ್ಲ. ನಾನು ಆಗಾಗ ಹತ್ತುವ ಭದ್ರಾವತಿಯ ಬಸ್ಸನ್ನೇ ನೋಡಿ. ‘ಒಳಗೆ ಹೋಗಿ, ಒಳಗೆ ಹೋಗಿ, ಹಿಂದ್ಗಡೆ ಪೂರ್ತಿ ಖಾಲಿ’ ಎಂದು ಕಂಡಕ್ಟರು ಕೂಗುತ್ತಾನೆ. ಖಾಲಿ ಇಲ್ಲವೆಂದು ಅವನಿಗೂ ಗೊತ್ತು, ನಮಗೂ ಗೊತ್ತು. ಆದರೂ ಒಳಗೆ ಹೋಗುತ್ತೇವೆ, ಹೇಗೋ ಜಾಗವೂ ಆಗುತ್ತದೆ. ಇಲಾಸ್ಟಿಸಿಟಿಗೆ ಪೂರ್ತಿ ಅಂಕ. ಗುಣಮಟ್ಟದ ವಿಚಾರವನ್ನು ಮಾತ್ರ ಇಳಿದ ಮೇಲೆ, ಕಿತ್ತುಹೋದ ಅಂಗಿಯ ಗುಂಡಿಯನ್ನು ತಡವಿಕೊಳ್ಳುತ್ತಾ ಯೋಚಿಸಬೇಕು.

ಇದನ್ನೆಲ್ಲ ನಾನು ಭದ್ರಾವತಿಯಲ್ಲಿರುವ ನನ್ನ ನಾದಿನಿ ಶಶಿಗೆ ಒಮ್ಮೆ ವಿವರಿಸಿದ್ದೆ. ಶಶಿ ನನ್ನ ಹೆಂಡತಿ ವಿಜಯಾಳ ತಂಗಿ. ಅವಳು ಪೂರ್ತಿ ಕೇಳಿ, ‘ಲಂಗಕ್ಕೆ ಲಾಡಿ ಬದ್ಲು ಹಾಕ್ತಾರಲ್ಲ, ಆ ಇಲಾಸ್ಟಿಕ್ಕಾ ಭಾವ? ಅದಕ್ಕೆ ಇಷ್ಟು ವರ್ಷ ಓದ್ಬೇಕಾ?’ ಅಂದಳು. ವಿಜಯಾ ಅಡುಗೆಮನೆಯಿಂದಲೇ, ‘ಅದೂ ಇಷ್ಟು ವರ್ಷಕ್ಕೆ ಸಡಿಲ ಆಗಿರುತ್ತೆ ಬಿಡೇ’ ಅಂದಳು. ಅಕ್ಕ ತಂಗಿ ಸೇರಿದರೆ ನಾನು ಪತ್ರಿಕೆ ಬಿಡಿಸಿಕೊಳ್ಳುವುದು ವಾಡಿಕೆ. ಬಿಡಿಸಿಕೊಂಡೆ.

ನನ್ನ ಮಾರ್ಗದರ್ಶಕರದ್ದು ಇನ್ನೊಂದು ಬಗೆಯ ಪೀಡೆ. ಅವರು ಒಳ್ಳೆಯವರು, ಕಡಿಮೆ ಮಾತಿನವರು. ಆ ಕಡಿಮೆ ಮಾತೂ ಒಂದೇ ಮಾತು. ಫೋನು ಮಾಡಿದಾಗಲೆಲ್ಲ, ‘ಎಲ್ಲ ಸರಿ ಕಣ್ರೀ, ನಿಜವಾದ ಜನರ ಮೇಲೆ ಟೆಸ್ಟ್ ಮಾಡಿದ್ರಾ?’ ಎಂದು ಕೇಳುತ್ತಾರೆ. ಮಾಡಿರಲಿಲ್ಲ. ನನ್ನ ಗ್ರಾಹಕರೆಲ್ಲ ನನ್ನ ಕಂಪ್ಯೂಟರಿನೊಳಗೇ ಹುಟ್ಟಿ, ಅಲ್ಲೇ ಸಾಲು ನಿಂತು, ಅಲ್ಲೇ ಸಾಯುವವರು. ಅವರಿಗೆ ಹಸಿವಾಗುವುದಿಲ್ಲ, ಅವರಿಗೆ ಸೋದರಮಾವಂದಿರಿರುವುದಿಲ್ಲ. ಈ ಎರಡು ಕೊರತೆಗಳು ಎಷ್ಟು ದೊಡ್ಡವು ಎಂಬುದು ನನಗಾಗ ತಿಳಿದಿರಲಿಲ್ಲ.

ಇಂಥ ಹೊತ್ತಿನಲ್ಲಿ ಶಶಿಗೆ ಆ ನಿಶ್ಚಿತಾರ್ಥದ ಊಟದ ಆರ್ಡರು ಬಂತು. ಅವಳ ಗಂಡನಿಗೆ ಕಾರ್ಖಾನೆಯ ಗುತ್ತಿಗೆ ಕೆಲಸ ನಿಂತ ಮೇಲೆ ಅವಳು ಮನೆಯಲ್ಲೇ ಹೋಳಿಗೆ ಮಾಡಿ ಮಾರತೊಡಗಿದ್ದಳು. ಅವಳ ಓಣಿಯಲ್ಲಿ ಹೋಳಿಗೆಯ ಕಾವಲಿ ಕಾದರೆ ಸೈಕಲ್ಲಿನವರು ಇಳಿದು ನಡೆಯುತ್ತಿದ್ದರು ಎಂದು ವಿಜಯಾ ಹೇಳುತ್ತಾಳೆ. ನಾನು ಕಂಡಿದ್ದು ಒಬ್ಬನನ್ನು ಮಾತ್ರ, ಅವನ ಸೈಕಲ್ಲು ಪಂಕ್ಚರಾಗಿತ್ತೋ ಏನೋ ಗೊತ್ತಿಲ್ಲ. ಹೋಳಿಗೆಯ ಸುದ್ದಿ ಶಿವಮೊಗ್ಗಕ್ಕೂ ತಲುಪಿ, ವಿನೋಬನಗರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ರುದ್ರಪ್ಪನವರು ತಮ್ಮ ಮಗಳ ನಿಶ್ಚಿತಾರ್ಥದ ಊಟವನ್ನು ಅವಳಿಗೆ ಒಪ್ಪಿಸಿದರು. ಅಷ್ಟು ಜನಕ್ಕೆ ಅಡುಗೆ ಮಾಡಿಸುವುದು ಅವಳಿಗೆ ಇದೇ ಮೊದಲು. ರುದ್ರಪ್ಪನವರು ಇನ್ನೂ ಒಂದು ಮಾತು ಸೇರಿಸಿದ್ದರು: ‘ಇದು ಚೆನ್ನಾಗಾದ್ರೆ ಮದುವೆ ಊಟಾನೂ ನಿಂದೇ ಕಣಮ್ಮ. ಗಂಡಿನ ಕಡೆಯೋರು ಒಂದು ಮಾತು ಅನ್ನಬಾರ್ದು, ಅಷ್ಟೇ.’ ಮದುವೆಯ ಊಟ ಸಿಕ್ಕರೆ ಶಶಿಯ ಕೆಲಸ ಕಾಲೂರಿ ನಿಲ್ಲುತ್ತದೆ. ಸಿಗದಿದ್ದರೆ ಮತ್ತೆ ಓಣಿ, ಮತ್ತೆ ಪಂಕ್ಚರಾದ ಸೈಕಲ್ಲು. ಇದು ನಮಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ನಾನು, ‘ಶಶಿ, ಊಟದ ಮನೆಯ ವ್ಯವಸ್ಥೆ ನನಗೆ ಬಿಡು’ ಅಂದೆ.

‘ರೀ’ ಅಂದಳು ವಿಜಯಾ. ಆ ಒಂದಕ್ಷರದಲ್ಲಿ ಎಲ್ಲ ಇತ್ತು. ಆದರೂ ಬಿಡಿಸಿ ಹೇಳಿದಳು: ‘ನಿಮ್ ಪ್ರಯೋಗ ಮಾಡೋಕೆ ನನ್ ತಂಗೀನೇ ಬೇಕಿತ್ತಾ? ಕಾಲೇಜ್ ಕ್ಯಾಂಟೀನ್ ಇರ್ಲಿಲ್ವಾ?’ ಶಶಿಯೇ ನನ್ನ ಪರ ನಿಂತಳು. ‘ಇರ್ಲಿ ಬಿಡಕ್ಕ, ಭಾವ ಅಷ್ಟು ಓದಿದ್ದಾರೆ, ನಾಕು ಟೇಬಲ್ ನೋಡ್ಕೊಳ್ಳಕ್ಕಾಗಲ್ವಾ?’ ಅಂದಳು. ಪಾಪ.

ಎಷ್ಟು ಜನ ಬರಬಹುದೆಂದು ತಿಳಿಯಲು ನಾನು ರುದ್ರಪ್ಪನವರ ಅಂಗಡಿಗೆ ಹೋದೆ. ಅವರು ಯಾರಿಗೋ ಮೊಳೆ ತೂಗುತ್ತಿದ್ದರು. ‘ಎಲ್ಲ ನಮ್ಮೋರೇ ಮೇಷ್ಟ್ರೇ’ ಅಂದರು. ನಮ್ಮೋರು ಅಂದರೆ ಎಷ್ಟು ಎಂದು ಕೇಳಿದೆ. ತಕ್ಕಡಿಯಿಂದ ಕಣ್ಣೆತ್ತಿ, ‘ಉಣ್ಣೋ ಜನಾನ ಯಾರಾದ್ರೂ ಎಣಿಸ್ತಾರಾ?’ ಅಂದರು. ಅಂದಾಜಾಗಿಯಾದರೂ ಅಂದೆ. ‘ಅಂದಾಜು ಅಂದ್ರೆ… ನಮ್ಮೋರೇ’ ಅಂದರು. ಮೊಳೆಯನ್ನು ಗ್ರಾಮಿನವರೆಗೆ ತೂಗುವ ಮನುಷ್ಯ ನೆಂಟರ ವಿಷಯದಲ್ಲಿ ಇಷ್ಟು ಉದಾರಿ. ಅದೂ ಅಲ್ಲದೆ ನಮ್ಮ ಕಡೆ ‘ಬಂದೇ ಬರ್ತೀವಿ’ ಎಂದವರು ಬರುವುದಿಲ್ಲ, ‘ನೋಡೋಣ’ ಎಂದವರು ಪಕ್ಕದ ಮನೆಯವರನ್ನೂ ಕರೆದುಕೊಂಡು ಬರುತ್ತಾರೆ. ಊರ ಪಕ್ಕದ ಸೋಗಾನೆಗೆ ವಿಮಾನ ಬಂದ ಮೇಲಂತೂ ‘ಆಗಲ್ಲ, ದೂರ’ ಎನ್ನುತ್ತಿದ್ದ ಬೆಂಗಳೂರಿನ ನೆಂಟರೂ ಊಟದ ಹೊತ್ತಿಗೆ ಸರಿಯಾಗಿ ಇಳಿದುಬಿಡುತ್ತಾರೆ. ಮುಂಚಿತವಾಗಿ ಲೆಕ್ಕ ಹಾಕುವುದು ಸಾಧ್ಯವಿಲ್ಲ ಎಂದಾಯಿತು. ನನಗೆ ಒಳಗೊಳಗೇ ಖುಷಿಯೂ ಆಯಿತು. ನನ್ನ ಸಂಶೋಧನೆ ಇರುವುದೇ ಲೆಕ್ಕಕ್ಕೆ ಸಿಗದ ಇಂಥ ಜನಕ್ಕಾಗಿ.

ಶಶಿಯ ಯೋಜನೆ ಸರಳವಾಗಿತ್ತು. ಬೆಳಗಿನಿಂದಲೇ ಹೋಳಿಗೆ ಬೇಯಿಸಿ ಪೇರಿಸಿಡುವುದು. ಸಮುದಾಯ ಭವನದ ಕೆಳಗಿನ ಊಟದ ಹಾಲು, ಮೇಲೆ ತಾರಸಿಯಲ್ಲಿ ಶಾಮಿಯಾನದಡಿ ಹಾಕಿದ ಟೇಬಲ್ಲು, ಎರಡನ್ನೂ ಮೊದಲಿನಿಂದಲೇ ತೆರೆದಿಡುವುದು. ಇದು ದುಂದು ಎಂದು ನಾನು ವಿವರಿಸಿದೆ. ಬೇಡಿಕೆ ಬಂದ ಹಾಗೆ ಹೋಳಿಗೆ ಬೇಯಿಸಬೇಕು. ಬಿಸಿಯಾಗಿಯೂ ಇರುತ್ತದೆ, ಉಳಿಯುವುದೂ ಇಲ್ಲ. ಮೊದಲು ಕೆಳಗೆ ಮಾತ್ರ ತೆರೆಯಬೇಕು. ಜನ ಹೆಚ್ಚಿದರೆ ಮೇಲೆ ತೆರೆಯಬೇಕು, ಕಡಿಮೆಯಾದರೆ ಮುಚ್ಚಬೇಕು. ಮತ್ತೊಂದು, ಬೇಡ ಎಂದವರಿಗೆ ಒತ್ತಾಯ ಮಾಡಿ ಬಡಿಸಬಾರದು. ಬೇಡ ಎಂದರೆ ಬೇಡ. ಕೊನೆಯ ಮಾತು ಹೇಳುವಾಗ ಬಡಿಸಲು ಬರಲಿದ್ದ ಸರೋಜಕ್ಕ ನನ್ನನ್ನು ಒಂದು ಥರ ನೋಡಿದರು. ಸರೋಜಕ್ಕ ಶಶಿಯ ನೆರೆಮನೆಯವರು. ಮನೆಮಾತು ತಮಿಳು, ಜಗಳಕ್ಕೆ ಕನ್ನಡ.

ಜನ ಹೆಚ್ಚಾದರೆಂದು ತಿಳಿಯುವುದು ಹೇಗೆ? ಅದಕ್ಕೆ ನಮ್ಮಲ್ಲಿ ಮೊದಲಿನಿಂದಲೂ ಒಂದು ವ್ಯವಸ್ಥೆ ಇದೆ. ಊಟಕ್ಕೆ ಕೂತವರ ಕುರ್ಚಿಯ ಹಿಂದೆ ಮುಂದಿನ ಪಂಕ್ತಿಯವರು ಬಂದು ನಿಲ್ಲುತ್ತಾರೆ. ಕುರ್ಚಿಯ ಬೆನ್ನಿಗೆ ಒಂದು ಕೈ ಇಟ್ಟರೆ ಅದು ನೋಂದಾಯಿಸಿದಂತೆ. ಅನುಭವಸ್ಥರು ಮಜ್ಜಿಗೆಗೆ ಬಂದವರ ಹಿಂದೆಯೇ ನಿಲ್ಲುತ್ತಾರೆ, ಅನನುಭವಿಗಳು ಈಗಷ್ಟೇ ಸಾರು ಕಲಸುತ್ತಿರುವವರ ಹಿಂದೆ ನಿಂತು ಬೇಯುತ್ತಾರೆ. ನಿಂತವರ ಉಸಿರು ಉಣ್ಣುವವರ ಕುತ್ತಿಗೆಗೆ ತಾಗುತ್ತಿರುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಮನೆಯ ಯಜಮಾನರು ಕೈಮುಗಿಯುತ್ತಾ ಬಂದು, ‘ಸಾವಕಾಶ ಆಗ್ಲಿ, ನಿಧಾನಕ್ಕೆ ಊಟ ಮಾಡಿ’ ಎನ್ನುತ್ತಾರೆ. ಉಂಡವರನ್ನು ಬೇಗ ಎಬ್ಬಿಸಬೇಕಾದ ಹೊತ್ತಿನಲ್ಲೇ ನಿಧಾನ ಮಾಡಿ ಎನ್ನುವ ಇಂಥ ಸೇವೆ ನನ್ನ ವಿಷಯದ ಯಾವ ಪ್ರಬಂಧದಲ್ಲೂ ನನಗೆ ಸಿಕ್ಕಿಲ್ಲ. ಅದೇನೇ ಇರಲಿ, ಕುರ್ಚಿಯ ಹಿಂದೆ ನಿಂತವರನ್ನೇ ನಾನು ಅಳತೆಗೋಲು ಮಾಡಿಕೊಂಡೆ. ಮುಕ್ಕಾಲು ಕುರ್ಚಿಗಳ ಹಿಂದೆ ಜನ ನಿಂತರೆ ತಾರಸಿ ತೆರೆಯುವುದು, ಕಾಲುಭಾಗಕ್ಕೆ ಇಳಿದರೆ ಒಂದು ಕಡೆ ಮುಚ್ಚುವುದು.

ಮೊದಲ ಪಂಕ್ತಿ ಹೇಗಿತ್ತೆಂದರೆ, ಅಲ್ಲಿಗೇ ನಿಂತುಬಿಟ್ಟಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಎಲೆ ತುದಿಗೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಎರಡು ಬಗೆ ಪಲ್ಯ, ಕಾವಲಿಯಿಂದ ಆಗಷ್ಟೇ ಇಳಿದ ಹೋಳಿಗೆ, ಅದರ ಮೇಲೆ ಇಳಿಯುತ್ತಿರುವ ತುಪ್ಪ. ಉಣ್ಣುವವರು ಮಾತು ನಿಲ್ಲಿಸಿದ್ದರು. ಊಟದ ಮನೆಯಲ್ಲಿ ಜನ ಮಾತು ನಿಲ್ಲಿಸುವುದು ಎರಡೇ ಸಂದರ್ಭದಲ್ಲಿ, ಇದು ಒಳ್ಳೆಯ ಸಂದರ್ಭ. ನಾನು ಮೆಟ್ಟಿಲ ಬುಡದಲ್ಲಿ ನಿಂತು ಮಾರ್ಗದರ್ಶಕರಿಗೆ ಏನೆಂದು ಹೇಳಬೇಕೆಂದು ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತಿದ್ದೆ.

ಉಂಗುರದ ಶಾಸ್ತ್ರ ಮುಗಿದಿರಬೇಕು, ಜನ ಒಮ್ಮೆಲೇ ಒಳಗೆ ಬಂದರು. ಮುಕ್ಕಾಲು ಕುರ್ಚಿಗಳಲ್ಲ, ಎಲ್ಲ ಕುರ್ಚಿಗಳ ಹಿಂದೆಯೂ ಜನ. ಕೆಲವುಗಳ ಹಿಂದೆ ಇಬ್ಬಿಬ್ಬರು. ನಾನು ಕೈ ಎತ್ತಿ, ‘ಮೇಲೆ ಜಾಗ ಇದೆ, ಮೇಲೆ ಬನ್ನಿ’ ಎಂದು ಘೋಷಿಸಿದೆ. ಕೈ ಬೀಸಿದ್ದು ನಿಜ, ಆದರೆ ಒಂದೇ ಕೈ. ನಿಂತವರೆಲ್ಲ ಮೇಲೆ ಓಡಿದರು. ಬಡಿಸುವವರು ಬಕೆಟ್ಟುಗಳನ್ನು ಹೊತ್ತು ಅವರ ಹಿಂದೆ ಹತ್ತಿದರು. ಈಗ ಕೆಳಗೆ ನೋಡುತ್ತೇನೆ, ಯಾವ ಕುರ್ಚಿಯ ಹಿಂದೆಯೂ ಯಾರೂ ಇಲ್ಲ. ನನ್ನ ನಿಯಮದ ಪ್ರಕಾರ ಬೇಡಿಕೆ ಕುಸಿದಿದೆ. ಮೊದಲ ಪಂಕ್ತಿ ಎದ್ದ ಕೂಡಲೇ ಕೆಳಗಿನ ಹಾಲನ್ನು ಮುಚ್ಚಿಸಿದೆ. ಅಷ್ಟರಲ್ಲಿ ಮೇಲೆ ಕುರ್ಚಿ ಸಿಗದವರು ಅಲ್ಲಿಯ ಕುರ್ಚಿಗಳ ಹಿಂದೆ ನಿಂತಿದ್ದರು. ಅಂದರೆ ಬೇಡಿಕೆ ಏರಿದೆ. ಕೆಳಗೆ ತೆರೆಸಿದೆ. ‘ಕೆಳಗೆ ಶುರುವಾಯ್ತಂತೆ’ ಎಂದು ಯಾರೋ ಕೂಗಿದರು. ಮೇಲೆ ಕೂತು, ಎಲೆಗೆ ಇನ್ನೂ ಉಪ್ಪು ಮಾತ್ರ ಬಂದಿದ್ದವರೂ ಎದ್ದು ಕೆಳಗಿಳಿದರು. ಮೇಲೆ ಖಾಲಿಯಾಯಿತು. ಮೇಲೆ ಮುಚ್ಚಿಸಿದೆ. ಕೆಳಗೆ ತುಂಬಿತು. ಮೇಲೆ ತೆರೆಸಿದೆ.

ಮೆಟ್ಟಿಲ ಮೇಲೆ ಆಗ ಇದ್ದದ್ದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಏರುವವರು ಗೋಡೆಯ ಕಡೆ, ಇಳಿಯುವವರೂ ಗೋಡೆಯ ಕಡೆ, ನಡುವೆ ಸಾರಿನ ಬಕೆಟ್ಟು. ಒಬ್ಬ ಹೆಂಗಸು ಇಳಿಯುತ್ತಾ ಏರುತ್ತಿದ್ದ ತನ್ನ ಗಂಡನನ್ನು ಕಂಡು, ‘ಅಯ್ಯೋ, ನೀವೆಲ್ಲಿಗೆ?’ ಅಂದಳು. ‘ನಿನ್ನ ಹುಡುಕ್ಕೊಂಡೇ’ ಅಂದ ಅವನು, ಕಣ್ಣು ಮಾತ್ರ ತಾರಸಿಯ ಕುರ್ಚಿಯ ಮೇಲಿತ್ತು. ಯಾರಿಗೂ ಸಿಟ್ಟು ಬಂದಂತೆ ಕಾಣಲಿಲ್ಲ; ಹಬ್ಬದ ಹಾಗೆ ನಗುತ್ತಲೇ ಹತ್ತಿ ಇಳಿಯುತ್ತಿದ್ದರು. ಎರಡು ಪಕ್ಷದ ನೆಂಟರು ಅಷ್ಟು ಬೇಗ ಪರಿಚಯವಾದದ್ದನ್ನು ನಾನು ಬೇರೆ ಯಾವ ನಿಶ್ಚಿತಾರ್ಥದಲ್ಲೂ ಕಂಡಿಲ್ಲ. ಸರೋಜಕ್ಕ ಮಾತ್ರ ಪಲ್ಯದ ಬಕೆಟ್ಟನ್ನು ನನ್ನ ಕಾಲ ಬಳಿ ಕುಕ್ಕಿ, ‘ಎನ್ನ ಸಾರ್ ಇದು! ಮೇಲೆ, ಕೆಳಗೆ, ಮೇಲೆ, ಕೆಳಗೆ! ನಾನು ಬಡ್ಸೋಕೆ ಬಂದಿದ್ದಾ, ಬೆಟ್ಟ ಹತ್ತೋಕೆ ಬಂದಿದ್ದಾ?’ ಅಂದರು.

ನನ್ನ ಪ್ರಬಂಧದ ಮೂರನೇ ಅಧ್ಯಾಯದಲ್ಲಿ ಇದರ ಬಗ್ಗೆಯೇ ಬರೆದಿದ್ದೇನೆ. ಒಮ್ಮೆ ಹಿಗ್ಗಿಸಿದ ಮೇಲೆ ಸ್ವಲ್ಪ ಹೊತ್ತು ಕೈ ಕಟ್ಟಿಕೊಂಡು ಕಾಯಬೇಕು. ತಕ್ಷಣ ಮತ್ತೆ ಅಳೆಯಲು ಹೋದರೆ ವ್ಯವಸ್ಥೆ ಉಯ್ಯಾಲೆಯಾಡುತ್ತದೆ. ಇದು ನನ್ನದೇ ವಾಕ್ಯ. ಬರೆದಾಗ ಉಯ್ಯಾಲೆ ಎಂಬ ಮಾತು ಚೆನ್ನಾಗಿದೆ ಅನ್ನಿಸಿತ್ತು. ಅದು ಸಾರಿನ ಬಕೆಟ್ಟಿನ ಸಮೇತ ನನ್ನ ಮೈಮೇಲೆ ಬರುವವರೆಗೂ ಅದರ ಪೂರ್ತಿ ಅರ್ಥ ನನಗಾಗಿರಲಿಲ್ಲ.

ಆಗ ನನ್ನೆದುರು ನಿಂತವರು ಹುಡುಗನ ಸೋದರಮಾವ. ಆಜಾನುಬಾಹು, ಗರಿಗರಿ ಪಂಚೆ, ಹಣೆಯಲ್ಲಿ ವಿಭೂತಿ. ಗಂಡಿನ ಕಡೆ ಇವರು ಹೂಂ ಅಂದರೆ ಎಲ್ಲರೂ ಹೂಂ, ಇವರು ಮುಖ ತಿರುಗಿಸಿದರೆ ಎಲ್ಲರದ್ದೂ ತಿರುಗುತ್ತದೆ ಎಂದು ರುದ್ರಪ್ಪನವರು ಮೊದಲೇ ಎಚ್ಚರಿಸಿದ್ದರು. ಅವರು ಮೇಲೆ ಕೂತಿದ್ದರು, ಕೆಳಗೆ ಕೂತಿದ್ದರು, ಮತ್ತೆ ಮೇಲೆ ಕೂತಿದ್ದರು. ಪ್ರತಿ ಸಲವೂ ಬಡಿಸುವವರು ಮೊದಲಿನಿಂದ ಶುರು ಮಾಡಿದ್ದರು. ‘ಏನ್ ಮೇಷ್ಟ್ರೇ’ ಅಂದರು, ಗಟ್ಟಿಯಾಗಿ ಅಲ್ಲ, ಅದೇ ಹೆಚ್ಚು ಭಯ ಹುಟ್ಟಿಸಿದ್ದು. ‘ಎಲ್ ಕೂತ್ರೂ ಎಲೆಗೆ ಉಪ್ಪು ಬರ್ತದೆ. ನಿಮ್ ಕಡೆ ಊಟ ಅಂದ್ರೆ ಉಪ್ಪೇನಾ?’ ಅವರ ಹಿಂದೆ ರುದ್ರಪ್ಪನವರ ಮುಖ ಕಾಣುತ್ತಿತ್ತು. ಅದು ಮೊಳೆ ತೂಗುವಾಗಿನ ಮುಖ.

ನಾನು ಅಡುಗೆಮನೆಗೆ ಹೋದದ್ದು ನಿಜ. ಅಡಗಲು ಅಲ್ಲ, ಶಶಿಗೆ ಹೇಳಲು. ಹಿಟ್ಟಿನ ಚೀಲ ನನ್ನ ಮುಂದಿತ್ತು, ನಾನು ಅದರ ಹಿಂದಿದ್ದೆ, ಅಷ್ಟೇ. ಒಳಗೆ ಶಶಿ ಕಾವಲಿಯ ಮುಂದೆ ಬೆವರಿಳಿಸುತ್ತಿದ್ದಳು. ಬೇಡಿಕೆ ಬಂದ ಹಾಗೆ ಬೇಯಿಸು ಎಂದಿದ್ದೆನಲ್ಲ, ಬೇಡಿಕೆ ಒಮ್ಮೆಲೇ ಬಂದಿತ್ತು. ಕಣಕದಲ್ಲಿ ಹೂರಣ ತುಂಬಿದ ಉಂಡೆಗಳು ಮೊರದಲ್ಲಿ ಗುಡ್ಡೆಯಾಗಿದ್ದವು, ಕಾವಲಿ ಮಾತ್ರ ಒಂದಾದ ಮೇಲೆ ಒಂದನ್ನೇ ಬೇಯಿಸುತ್ತಿತ್ತು. ಕಾವಲಿಗೆ ನನ್ನ ಸಿದ್ಧಾಂತ ಗೊತ್ತಿರಲಿಲ್ಲ. ಉಪ್ಪಿನ ಸಂಗತಿ ಕೇಳಿ ಶಶಿಯ ಕೈಯಲ್ಲಿದ್ದ ಸಟ್ಟುಗ ಅಲ್ಲೇ ನಿಂತಿತು. ಒಂದು ಕ್ಷಣ ಅವಳು ಅತ್ತೇಬಿಡುತ್ತಾಳೆ ಅಂದುಕೊಂಡೆ. ಅಳಲಿಲ್ಲ.

‘ಭಾವ,’ ಅಂದಳು, ‘ಇನ್ನು ನೀವು ಏನೂ ತೆಗೀಬೇಡಿ, ಏನೂ ಮುಚ್ಚಬೇಡಿ. ಕೈ ಕೆಳಗಿಡಿ.’

ಇಟ್ಟೆ.

‘ಎರಡೂ ಕಡೆ ಎಲ್ಲರನ್ನೂ ಕೂರ್ಸಿ. ಅಕ್ಕ ಕೆಳಗೆ ನಿಂತ್ಕೋತಾಳೆ, ನೀವು ಮೇಲೆ ಹೋಗಿ. ಪಲ್ಯದವರೆಗೂ ಬಡ್ಸೋಕೆ ಹೇಳ್ತೀನಿ. ಹೋಳಿಗೆ ಬರೋ ತನಕ ಒಬ್ರೂ ಏಳಬಾರ್ದು. ಉಪಚಾರ ಮಾಡಿ, ಮಾತಾಡ್ಸಿ, ಏನಾದ್ರೂ ಮಾಡಿ. ನಾನು ಇನ್ನೊಂದು ಒಲೆ ಹಚ್ಚಿಸ್ತೀನಿ.’

ಹೀಗೆ, ಜನರನ್ನು ಕಾಯಿಸದಿರುವುದು ಹೇಗೆಂದು ಇಷ್ಟು ವರ್ಷ ಓದಿದ ನಾನು, ಜನರನ್ನು ಕಾಯಿಸಲು ತಾರಸಿ ಹತ್ತಿದೆ. ಕೈ ಮುಗಿದು, ‘ಸಾವಕಾಶ ಆಗ್ಲಿ, ನಿಧಾನಕ್ಕೆ ಊಟ ಮಾಡಿ’ ಅಂದೆ. ‘ಏನಿದೆ ಅಂತ ಮಾಡೋದು?’ ಎಂದು ಒಬ್ಬರು ಎಲೆ ತೋರಿಸಿದರು. ಸಾಲಿನ ನಡುವೆ ಕೂತಿದ್ದ ಸೋದರಮಾವ ಪಲ್ಯ ಮುಗಿಸಿ ಕೈ ಕಟ್ಟಿ ನನ್ನನ್ನೇ ನೋಡುತ್ತಿದ್ದರು. ಅವರು ಎದ್ದರೆ ಇಡೀ ಸಾಲು ಏಳುತ್ತದೆ; ಆ ಮನೆತನದಲ್ಲಿ ಪಂಕ್ತಿ ಒಟ್ಟಿಗೆ ಕೂತು ಒಟ್ಟಿಗೆ ಏಳಬೇಕು.

‘ಯಾವ ಪಾಠ ಹೇಳ್ಕೊಡೋದು ನೀವು?’ ಎಂದು ಕೇಳಿದರು.

ನನಗೆ ಬೇರೇನೂ ಹೊಳೆಯಲಿಲ್ಲ. ‘ನೀವು ಈಗ ಕೂತಿದ್ದೀರಿ, ಹೋಳಿಗೆ ಬಂದಿಲ್ಲ. ಯಾಕೆ ಬಂದಿಲ್ಲ? ಅದೇ ನನ್ನ ಸಂಶೋಧನೆ’ ಅಂದುಬಿಟ್ಟೆ.

ಸಾಲಿನವರೆಲ್ಲ ನನ್ನ ಕಡೆ ತಿರುಗಿದರು. ‘ಯಾಕೆ ಬಂದಿಲ್ಲ?’ ಎಂದರು ಸೋದರಮಾವ.

ನಾನು ಹೇಳತೊಡಗಿದೆ. ಕಾವಲಿ ಒಂದು, ಉಣ್ಣುವವರು ಹಲವರು. ಇನ್ನೊಂದು ಒಲೆ ಹಚ್ಚಬಹುದು, ಆದರೆ ಹಚ್ಚಿದ ಕೂಡಲೇ ಕಾವಲಿ ಕಾಯುವುದಿಲ್ಲ. ಕಾಯುವವರೆಗಿನ ಹೊತ್ತು ಯಾರ ಲೆಕ್ಕಕ್ಕೆ? ನಮ್ಮ ಕಾಲೇಜಿನ ಸಭಾಂಗಣದಲ್ಲಿ ಇದೇ ವಿಷಯ ಮಂಡಿಸಿದಾಗ ಮೊದಲ ಸಾಲಿನವರು ಮೊಬೈಲು ನೋಡುತ್ತಿದ್ದರು, ಕೊನೆಯ ಸಾಲಿನವರು ನಿದ್ದೆ ಮಾಡುತ್ತಿದ್ದರು. ಇಲ್ಲಿ ಒಬ್ಬರೂ ಕಣ್ಣು ಮಿಟುಕಿಸಲಿಲ್ಲ. ಕೊನೆಯ ಕುರ್ಚಿಯ ಅಜ್ಜಿಯೊಬ್ಬರು, ‘ಮೊದ್ಲೇ ಹಚ್ಚಿಟ್ಕೋಬೇಕಿತ್ತು’ ಅಂದರು. ಇನ್ನೊಬ್ಬರು, ‘ಅಯ್ಯೋ, ಸುಮ್ನೆ ಗ್ಯಾಸ್ ಉರಿಸ್ತಾರಾ?’ ಅಂದರು. ‘ಜನ ಬರ್ತಾರೆ ಅಂತ ಗೊತ್ತಿದ್ಮೇಲೆ ಉರಿಸ್ಬೇಕಪ್ಪ.’ ‘ಎಷ್ಟು ಜನ ಅಂತ ಯಾರ್ ಕಂಡಿದ್ರು?’ ಎರಡು ಪಕ್ಷವಾಯಿತು. ನನ್ನ ವಿಷಯದ ಪಂಡಿತರೂ ಹೀಗೇ ಎರಡು ಪಕ್ಷವಾಗಿದ್ದಾರೆ. ಇಷ್ಟು ಚುರುಕಾಗಿ ವಾದಿಸುವುದಿಲ್ಲ ಅಷ್ಟೆ. ಸೋದರಮಾವ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿ, ‘ತಡೀರಿ. ಮೇಷ್ಟ್ರೇ, ಹಂಗಾದ್ರೆ ಇದಕ್ಕೆ ಪರಿಹಾರ ಏನು?’ ಅಂದರು.

ಆ ಪ್ರಶ್ನೆಯನ್ನು ಯಾರಾದರೂ ಹಾಗೆ, ನಿಜವಾದ ಹಸಿವಿನಿಂದ ಕೇಳಲಿ ಎಂದು ನಾನೆಷ್ಟು ವರ್ಷ ಕಾದಿದ್ದೆ! ಗಂಟಲು ಸರಿಮಾಡಿಕೊಂಡು, ‘ಪರಿಹಾರ ಏನಂದ್ರೆ’ ಎಂದು ಶುರು ಮಾಡಿದೆ. ಹಿಂದಿನಿಂದ ತುಪ್ಪದ ವಾಸನೆ ಬಂತು.

ಹೋಳಿಗೆ ಬಂದಿತ್ತು. ಎರಡು ತಟ್ಟೆ ತುಂಬ, ಹಬೆಯಾಡುತ್ತಾ, ಒಂದರ ಮೇಲೊಂದು ಮಡಿಸಿಟ್ಟ ರೇಷ್ಮೆಯ ಹಾಗೆ. ಅದರ ಹಿಂದೆ ಸರೋಜಕ್ಕ, ಅವರ ಹಿಂದೆ ತುಪ್ಪ. ನನ್ನ ಪರಿಹಾರ ಏನೆಂದು ಆಮೇಲೆ ಯಾರೂ ಕೇಳಲಿಲ್ಲ. ಅಜ್ಜಿಯೂ ಕೇಳಲಿಲ್ಲ.

ಸೋದರಮಾವ ಮೊದಲ ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದರು. ತಾರಸಿಯ ಮೇಲೆ ಗಾಳಿ ಆಡುತ್ತಿತ್ತು, ಶಾಮಿಯಾನ ಪಟಪಟ ಅನ್ನುತ್ತಿತ್ತು. ಅವರು ಕಣ್ಣು ತೆರೆಯುವುದನ್ನೇ ನಾನು ನೋಡುತ್ತಿದ್ದೆ. ತೆರೆದವರು ಇನ್ನೊಂದು ತುಂಡು ಮುರಿದರು. ಎರಡನೇ ಸುತ್ತು ಬಂತು. ಸರೋಜಕ್ಕ, ‘ಹೋಳಿಗೆ?’ ಅಂದರು. ಸೋದರಮಾವ ಎಲೆಯ ಮೇಲೆ ಕೈ ಅಡ್ಡ ಹಿಡಿದು, ‘ಬೇಡ ಬೇಡ’ ಅಂದರು. ಸರೋಜಕ್ಕ ನನ್ನ ಮುಖ ನೋಡಿದರು, ನನ್ನ ನಿಯಮ ನೆನಪು ಮಾಡಿಕೊಂಡರು, ಮುಂದೆ ಹೋದರು. ಎಲೆಯ ಮೇಲೆ ಅಡ್ಡ ಹಿಡಿದ ಕೈ ಹಾಗೇ ನಿಂತಿತ್ತು. ಅಷ್ಟು ದೊಡ್ಡ ಮನುಷ್ಯನ ಮುಖದಲ್ಲಿ ಅಷ್ಟು ಚಿಕ್ಕ ಮಗುವಿನ ದುಃಖ ನಾನು ಕಂಡಿರಲಿಲ್ಲ.

ಕೆಳಗಿನವರನ್ನು ನೋಡಿಕೊಂಡು ಆಗಷ್ಟೇ ಮೇಲೆ ಬಂದಿದ್ದ ವಿಜಯಾ ಅದನ್ನು ಕಂಡಳು. ನನ್ನ ಕಿವಿಯ ಹತ್ತಿರ, ‘ರೀ, ಬೇಡ ಅಂದ್ರೆ ಹಾಕಿ ಅಂತ! ಇಷ್ಟ್ ವಯಸ್ಸಾಯ್ತು, ಇದೂ ಗೊತ್ತಿಲ್ವಾ?’ ಎಂದು ಸಿಡುಕಿ, ತಾನೇ ತಟ್ಟೆ ಕಸಿದುಕೊಂಡು ಅವರ ಮುಂದೆ ನಿಂತಳು. ‘ಹಂಗಂದ್ರೆ ಹೆಂಗೆ ಮಾವ? ಹುಡುಗಿ ಹೆಸ್ರಲ್ಲಿ ಒಂದು, ಹುಡುಗನ ಹೆಸ್ರಲ್ಲಿ ಒಂದು’ ಎಂದು ಎರಡು ಹಾಕಿದಳು. ‘ಅಯ್ಯೋ, ಬೇಡ ಅಂದ್ನಲ್ಲಮ್ಮ, ಏನಮ್ಮ ನೀನು’ ಎಂದು ಬೈಯುತ್ತಾ ಅವರು ತುಪ್ಪಕ್ಕೆ ಜಾಗ ಮಾಡಿಕೊಟ್ಟರು. ಹಾಕಿದಷ್ಟಕ್ಕೂ ಬೇಡ ಅನ್ನುತ್ತಾ ಹೋದರು. ಅವರು ನಿಜವಾಗಿ ಯಾವಾಗ ಬೇಡ ಅಂದರು ಎಂಬುದು ವಿಜಯಾಳಿಗೆ ಹೇಗೋ ತಿಳಿಯಿತು. ಹೇಗೆ ತಿಳಿಯಿತೆಂದು ಮನೆಗೆ ಬಂದ ಮೇಲೆ ಕೇಳಿದೆ. ‘ತಿಳಿಯುತ್ತೆ’ ಅಂದಳು. ಇದನ್ನು ಪ್ರಬಂಧದಲ್ಲಿ ಬರೆಯುವಂತಿಲ್ಲ.

ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡ ಸೋದರಮಾವ ರುದ್ರಪ್ಪನವರ ಹೆಗಲ ಮೇಲೆ ಕೈ ಇಟ್ಟು ಮಾತಾಡಿದ್ದನ್ನು ನಾನು ಮೆಟ್ಟಿಲ ಪಕ್ಕದಿಂದ ಕೇಳಿಸಿಕೊಂಡೆ. ‘ಹೋಳಿಗೆ ಬಿಸಿಯಾಗಿತ್ತು ಬೀಗ್ರೇ. ಎಲ್ಲಾ ಕಡೆ ತಣ್ಣಗಾಗಿದ್ದು ಹಾಕ್ತಾರೆ. ಇಲ್ಲಿ ಕಾದಿದ್ದಕ್ಕೂ ಸಾರ್ಥಕ ಆಯ್ತು. ಮದುವೆಗೂ ಇವ್ರನ್ನೇ ಹೇಳಿ.’ ಅಡಿಕೆಯನ್ನು ಇನ್ನೊಂದು ದವಡೆಗೆ ಸರಿಸಿ, ‘ಆ ಮೇಷ್ಟ್ರನ್ನೂ ಬರಕ್ಕೆ ಹೇಳಿ. ಹೊತ್ತು ಹೋಗಿದ್ದೇ ಗೊತ್ತಾಗ್ಲಿಲ್ಲ’ ಅಂದರು. ರುದ್ರಪ್ಪನವರು ಅಡುಗೆಮನೆಯ ಬಾಗಿಲಿಗೆ ಬಂದು, ‘ಮದುವೆ ಊಟ ನಿಂದೇ ಕಣಮ್ಮ’ ಎಂದು ಶಶಿಗೆ ಹೇಳಿದರು. ನನ್ನ ಕಡೆ ನೋಡಿ, ‘ಮೇಷ್ಟ್ರು ಉಪಚಾರಕ್ಕೆ ಇರ್ಲಿ, ಮೆಟ್ಲ ಹತ್ರ ಮಾತ್ರ ಬೇಡ’ ಎಂದು ಸೇರಿಸಿದರು. ಶಶಿ ಹಿಟ್ಟು ಮೆತ್ತಿದ ಕೈಯಲ್ಲೇ ಅಕ್ಕನನ್ನು ತಬ್ಬಿಕೊಂಡಳು. ಸರೋಜಕ್ಕ ಖಾಲಿ ಬಕೆಟ್ಟನ್ನು ಸೌಟಿನಿಂದ ಬಾರಿಸಿದರು. ವಿಜಯಾಳ ಹೊಸ ಸೀರೆಯ ಬೆನ್ನಿನ ಮೇಲೆ ಎರಡು ಬಿಳಿ ಕೈಗಳು ಮೂಡಿದ್ದವು.

ಎಲ್ಲ ಮುಗಿದ ಮೇಲೆ ನಾವು ಅಡುಗೆಮನೆಯಲ್ಲೇ ಸುತ್ತ ಕೂತೆವು. ತಟ್ಟೆಯಲ್ಲಿ ಕೊನೆಯ ಕೆಲವು ಹೋಳಿಗೆಗಳಿದ್ದವು. ಬೆಳಗಿನಿಂದ ನಾನು ಏನೂ ತಿಂದಿರಲಿಲ್ಲ. ಶಶಿ ತಟ್ಟೆ ಹಿಡಿದು, ‘ಭಾವ, ಹಾಕ್ಲಾ?’ ಎಂದು ಕೇಳಿದಳು. ಹೆಂಡತಿಯ ತವರಿನವರ ಎದುರು ಕೇಳಿದ ಕೂಡಲೇ ಹೂಂ ಅನ್ನುವುದು ಚೆನ್ನಾಗಿರುವುದಿಲ್ಲ. ಬಾಯಿ ತನ್ನಷ್ಟಕ್ಕೇ ‘ಬೇಡ ಬೇಡ’ ಅಂದಿತು. ಇನ್ನೊಮ್ಮೆ ಕೇಳುತ್ತಾಳೆ ಎಂದು ನನ್ನ ಎಲೆಯನ್ನು ಸ್ವಲ್ಪ ಮುಂದೂ ಸರಿಸಿದೆ.

‘ಬೇಡ ಅಂದ್ರೆ ಬೇಡ. ನಿಮ್ದೇ ರೂಲ್ಸು’ ಎಂದು ಶಶಿ ಮುಂದೆ ಹೋದಳು. ಸರೋಜಕ್ಕ ಕೇಳುವ ಮೊದಲೇ ‘ಹಾಕು’ ಅಂದು ಎರಡು ಹಾಕಿಸಿಕೊಂಡರು. ಉಳಿದದ್ದು ವಿಜಯಾಳ ಎಲೆಗೆ ಹೋಯಿತು. ಅವಳು ನನ್ನ ಕಡೆ ನೋಡುತ್ತಾ, ಸಾವಕಾಶವಾಗಿ, ನಿಧಾನಕ್ಕೆ ಊಟ ಮಾಡಿದಳು.

ಮರುದಿನ ಮಾರ್ಗದರ್ಶಕರ ಫೋನು ಬಂತು. ‘ನಿಜವಾದ ಜನರ ಮೇಲೆ ಟೆಸ್ಟ್ ಮಾಡಿದ್ರಾ?’ ಎಂದರು. ಮಾಡಿದೆ ಸರ್, ಅಂದೆ. ಅವರಿಗೆ ಆಶ್ಚರ್ಯವಾಗಿರಬೇಕು, ‘ಹೌದಾ?’ ಅಂದರು. ಆಮೇಲೆ, ‘ರಿಸಲ್ಟ್ ಹೇಗಿತ್ತು?’ ಎಂದು ಕೇಳಿದರು. ಕಣ್ಣಾರೆ ಕಂಡದ್ದು ಬೇರೆ, ಕೇಳಿದ್ದು ಬೇರೆ ಎಂದು ನಾನು ಮೊದಲೇ ಹೇಳಿದ್ದೇನೆ.

‘ಬಿಸಿಬಿಸಿಯಾಗಿ ಬಹಳ ಚೆನ್ನಾಗಿತ್ತಂತೆ ಸರ್’ ಅಂದೆ.